ಜೇನುತುಪ್ಪ ಕೆಡುವುದಿಲ್ಲವೇ? ತುಂಬಿಡುವ ವಿದ್ಯೆಯ ಚರಿತ್ರೆ



ಜೇನುತುಪ್ಪ ಕೆಡುವ ವಸ್ತುವಲ್ಲ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಉಂಟು. ಆದರೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಎರಡು ಪೆಟ್ಟಿಗೆ ಇಟ್ಟವರನ್ನೂ ಕೇಳಿ ನೋಡಿ. ಮಾರ್ಚಿ ತಿಂಗಳಲ್ಲಿ ತುಂಬಿಟ್ಟ ಶೀಶೆ ಆಟಿಯ ಮಳೆಯಲ್ಲಿ ನೊರೆ ಕಾರಿದ್ದು, ಮುಚ್ಚಳ ತೆಗೆಯುವಾಗ ಬುಸ್ಸೆಂದದ್ದು, ಹುಳಿ ವಾಸನೆ ಬಂದದ್ದು ಅವರಿಗೆ ಗೊತ್ತು. ಹಾಗಾದರೆ ಹಿರಿಯರ ಮಾತು ಸುಳ್ಳೇ? ಸುಳ್ಳಲ್ಲ. ಅದು ಅರ್ಧ ಮಾತು, ಅಷ್ಟೇ. ಪಕ್ವವಾದ ಜೇನು ಕೆಡುವುದಿಲ್ಲ. ನೀರಿರುವ ಜೇನು ಕೆಡುತ್ತದೆ. ಜೇನನ್ನು ತುಂಬಿಡುವ ವಿದ್ಯೆಯ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ಅದು ಒಂದೇ ಕೆಲಸದ ಚರಿತ್ರೆ: ನೀರನ್ನು ಹೊರಗೆ ಹಾಕುವುದು, ಹೋದ ನೀರು ಮತ್ತೆ ಒಳಗೆ ಬಾರದಂತೆ ಮಾಡುವುದು. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ. ಕೊನೆಯಲ್ಲಿ ನಾವು ಮನೆಯಲ್ಲಿ ಏನು ಮಾಡಬೇಕೆಂಬುದೂ ಅದರಿಂದಲೇ ತಿಳಿಯುತ್ತದೆ.

ಈ ವಿದ್ಯೆಯ ಮೊದಲ ಗುರು ಮನುಷ್ಯನಲ್ಲ, ಜೇನುನೊಣ. ಹೂವಿನ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಕೆಲವು ಹೂಗಳಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು. ಅದನ್ನು ಹಾಗೆಯೇ ಇಟ್ಟರೆ ಎರಡು ದಿನದಲ್ಲಿ ಹುಳಿಯುತ್ತದೆ. ಆದುದರಿಂದ ಗೂಡಿನ ನೊಣಗಳು ಮಕರಂದವನ್ನು ಬಾಯಿಂದ ಬಾಯಿಗೆ ದಾಟಿಸುತ್ತವೆ, ಎರಿಯ ಕಣ್ಣುಗಳಲ್ಲಿ ತೆಳುವಾಗಿ ಹರಡುತ್ತವೆ, ರಾತ್ರಿಯಿಡೀ ರೆಕ್ಕೆ ಬೀಸಿ ಗಾಳಿಯಾಡಿಸುತ್ತವೆ. ನೀರು ಸಾಕಷ್ಟು ಆರಿದ ಮೇಲೆ ಕಣ್ಣಿನ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಲೋಕದಲ್ಲಿ ಜೇನಿಗೆ ಮುಚ್ಚಳ ಹಾಕಿದ ಮೊದಲ ಶೀಶೆ ಎಂದರೆ ಆ ಆರು ಮೂಲೆಯ ಕಣ್ಣೇ. ಮುಚ್ಚಳ ಬಿದ್ದ ಕಣ್ಣಿನ ಜೇನು ಪಕ್ವ. ತೆರೆದ ಕಣ್ಣಿನದು ಹೆಚ್ಚಾಗಿ ಹಸಿ. ಇಷ್ಟನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಂಡರೆ ಅರ್ಧ ಪಾಠ ಮುಗಿಯಿತು.

ಇನ್ನು ಮನುಷ್ಯನ ಸರದಿ. ಪೆಟ್ಟಿಗೆ ಬರುವುದಕ್ಕೆ ಮೊದಲು ನಮ್ಮ ಕಡೆ ಜೇನು ಎಂದರೆ ಕಾಡಿನ ಜೇನು: ಎತ್ತರದ ಮರದ ಹೆಜ್ಜೇನು, ಪೊದೆಯ ಕೋಲುಜೇನು, ಮರದ ಪೊಟರೆ ಮತ್ತು ಹುತ್ತದ ತುಡುವೆ, ಗೋಡೆಯ ಸಂದಿನ ಮುಜಂಟಿ. ಇರುಳಲ್ಲಿ ಹೊಗೆ ಹಾಕಿ ನೊಣ ಓಡಿಸಿ, ಎರಿಯನ್ನು ಪೂರಾ ಕೊಯ್ದು, ಬಟ್ಟೆಯಲ್ಲಿ ಕಟ್ಟಿ ಹಿಂಡುವುದು ರೂಢಿ. ಹಾಗೆ ಹಿಂಡುವಾಗ ಮುಚ್ಚಳ ಬಿದ್ದ ಜೇನೂ ಬಂತು, ಹಸಿ ಜೇನೂ ಬಂತು. ಮರಿಹುಳುವಿನ ರಸ, ಪರಾಗ, ಮೇಣದ ಚೂರು ಎಲ್ಲ ಕೂಡಿ ಬಂತು. ಇದನ್ನು ಬಿದಿರಿನ ಅಂಡೆಗೋ ಸೋರೆಬುರುಡೆಗೋ ಭರಣಿಗೋ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರೆ ಅದು ಎಷ್ಟು ದಿನ ನಿಂತೀತು? ಬಟ್ಟೆ ಇರುವೆಯನ್ನು ತಡೆಯಬಹುದು, ಮಳೆಗಾಲದ ತೇವವನ್ನು ತಡೆಯಲಾರದು. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಭರಣಿ ಮೂಲೆಯ ಭರಣಿಗಿಂತ ಹೆಚ್ಚು ಬಾಳುವುದಕ್ಕೆ ಕಾರಣವೂ ಇದೇ. ಅಟ್ಟ ಒಣಗಿದ ಜಾಗ. ಹಳಬರ ಕೈಯಲ್ಲಿ ಉಷ್ಣಮಾಪಕ ಇರಲಿಲ್ಲ, ಆದರೆ ತೇವವೇ ಶತ್ರು ಎಂಬ ಅನುಭವ ಇತ್ತು.

ಇದೇ ಕಷ್ಟ ಬೇರೆ ದೇಶದವರಿಗೂ ಇತ್ತು. ಅದಕ್ಕೆ ಪರಿಹಾರ ಹತ್ತೊಂಬತ್ತನೆಯ ಶತಮಾನದ ನಡುವೆ ಸಾಲಾಗಿ ಬಂತು. 1851ರಲ್ಲಿ ಅಮೇರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ಸಂಗತಿ ಕಂಡುಕೊಂಡ: ಎರಿ ಎರಿಗಳ ನಡುವೆ, ಎರಿಗೂ ಗೋಡೆಗೂ ನಡುವೆ ಸುಮಾರು 9 ಮಿಲಿಮೀಟರ್ ದಾರಿ ಬಿಟ್ಟರೆ ನೊಣ ಅದನ್ನು ಮೇಣದಿಂದ ಮುಚ್ಚುವುದಿಲ್ಲ, ಓಡಾಟಕ್ಕೆ ಇಟ್ಟುಕೊಳ್ಳುತ್ತದೆ. ಇದರಿಂದ ಎರಿಯನ್ನು ಚೌಕಟ್ಟಿನ ಸಮೇತ ಎತ್ತಿ ನೋಡಿ ಮತ್ತೆ ಇಡುವ ಪೆಟ್ಟಿಗೆ ಸಾಧ್ಯವಾಯಿತು. 1857ರಲ್ಲಿ ಜರ್ಮನಿಯ ಮೆಹ್ರಿಂಗ್ ಮೇಣದ ಹಾಳೆಗೆ ಎರಿಯ ಅಚ್ಚು ಒತ್ತುವುದನ್ನು ಮಾಡಿ ತೋರಿಸಿದ. 1865ರಲ್ಲಿ ಹ್ರುಶ್ಕ ಎಂಬಾತ ಎರಿಯನ್ನು ತಿರುಗಿಸಿ ಜೇನನ್ನು ಮಾತ್ರ ಸಿಡಿಸಿ ತೆಗೆಯುವ ಯಂತ್ರವನ್ನು ಹೊರತಂದ. ಇನ್ನು ಹಿಂಡುವ ಕೆಲಸವೇ ಇಲ್ಲ. ಎರಿ ಒಡೆಯುವುದಿಲ್ಲ, ಮರಿ ಸಾಯುವುದಿಲ್ಲ. ಇದೇ ಕಾಲದಲ್ಲಿ, 1858ರಲ್ಲಿ, ಅಮೇರಿಕದ ಮೇಸನ್ ಎಂಬವನು ತಿರುಪಿನ ಮುಚ್ಚಳದ ಗಾಜಿನ ಶೀಶೆಗೆ ಹಕ್ಕುಪತ್ರ ಪಡೆದ. ಅದಾಗಿ ಕೆಲವೇ ವರ್ಷಕ್ಕೆ ಫ್ರಾನ್ಸಿನ ಪಾಶ್ಚರ್, ಹದವಾಗಿ ಬಿಸಿ ಮಾಡಿದರೆ ಹುಳಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಪದಾರ್ಥ ಕೆಡುವುದಿಲ್ಲ ಎಂದು ತೋರಿಸಿಕೊಟ್ಟ. ಪೆಟ್ಟಿಗೆ, ಯಂತ್ರ, ಶೀಶೆ, ಬಿಸಿ ಈ ನಾಲ್ಕೂ ಹದಿನೈದಿಪ್ಪತ್ತು ವರ್ಷದೊಳಗೆ ಕೂಡಿಬಂದವು ನೋಡಿ.

ಇದು ನಮಗೆ ತಲಪಿದ್ದು ಹೇಗೆ? ಪಡುವಣ ದೇಶದ ನೊಣ ದೊಡ್ಡದು, ನಮ್ಮ ತುಡುವೆ ಚಿಕ್ಕದು. ಅಲ್ಲಿಯ ಪೆಟ್ಟಿಗೆ ಇಲ್ಲಿಗೆ ಹೊಂದುವುದಿಲ್ಲ. 1911ರ ಸುಮಾರಿಗೆ ತಿರುಚ್ಚಿರಾಪಳ್ಳಿ ಕಡೆಯಲ್ಲಿ ಪಾದ್ರಿ ನ್ಯೂಟನ್ ಎಂಬವರು ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆ ಮಾಡಿ ಹಳ್ಳಿಯವರಿಗೆ ತರಬೇತಿ ಕೊಟ್ಟರು. ಆಗ ನಮ್ಮ ಜಿಲ್ಲೆಯೂ ಮದರಾಸು ಪ್ರಾಂತಕ್ಕೇ ಸೇರಿತ್ತು. 1956ರ ನವೆಂಬರ್ 1ರವರೆಗೂ ಹಾಗೆಯೇ ಇತ್ತು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ಇಂದೂ ಬಳಕೆಯಲ್ಲಿ ಉಂಟು. 1928ರಲ್ಲಿ ವ್ಯವಸಾಯದ ರಾಯಲ್ ಕಮಿಷನ್ ತನ್ನ ವರದಿಯಲ್ಲಿ ಜೇನು ಸಾಕಣೆಯನ್ನು ಗೃಹಕೈಗಾರಿಕೆಯಾಗಿ ಬೆಳೆಸಬೇಕೆಂದಿತು. 1934ರಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಆರಂಭಿಸಿದಾಗ ಅದರ ಕೆಲಸಗಳಲ್ಲಿ ಜೇನೂ ಸೇರಿತು. 1936ರಲ್ಲಿ ನೆರೆಯ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ನಮ್ಮಲ್ಲಿ ಪುತ್ತೂರನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಕನ್ನಡ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಬೆಳೆಯಿತು. ಅದರ ‘ಮಾಧುರಿ’ ಜೇನಿನ ಹೆಸರು ನಿಮಗೆಲ್ಲ ಪರಿಚಿತವೇ. ಮುಂದೆ 1957ರಲ್ಲಿ ರಚಿತವಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಈ ಕೆಲಸ ಕೈಗೆತ್ತಿಕೊಂಡಿತು. 1962ರಲ್ಲಿ ಪುಣೆಯಲ್ಲಿ ಜೇನಿನ ಕೇಂದ್ರ ಸಂಶೋಧನಾ ಸಂಸ್ಥೆ ಆರಂಭವಾಯಿತು.

ಸಹಕಾರ ಸಂಘದಿಂದ ಬಂದ ದೊಡ್ಡ ಲಾಭ ಬರೇ ಮಾರಾಟವಲ್ಲ. ಮನೆ ಮನೆಯ ಜೇನು ಒಂದೆಡೆ ಸೇರಿದಾಗ ಅದನ್ನು ತೂಗಬೇಕು, ತೇವಾಂಶ ನೋಡಬೇಕು, ಸೋಸಬೇಕು, ಹದವಾಗಿ ಕಾಯಿಸಬೇಕು, ಒಂದೇ ತರದ ಶೀಶೆಗೆ ತುಂಬಬೇಕು. ಒಬ್ಬನ ಹಸಿ ಜೇನು ಹತ್ತು ಜನರ ಪಕ್ವ ಜೇನನ್ನು ಕೆಡಿಸುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಹೀಗೆ ತುಂಬಿಡುವ ವಿದ್ಯೆ ಒಬ್ಬರ ಗುಟ್ಟಾಗಿ ಉಳಿಯದೆ ಊರಿನ ಜವಾಬ್ದಾರಿಯಾಯಿತು.

ಈಗ ನೀವು ಕೇಳಬಹುದು: ಪೆಟ್ಟಿಗೆ ಬಂತು, ಯಂತ್ರ ಬಂತು, ಮತ್ತೆ ಯಾಕೆ ಜೇನು ಹುಳಿಯುತ್ತದೆ? ಇದಕ್ಕೆ ಉತ್ತರ ನಮ್ಮ ಹವೆಯಲ್ಲಿ ಉಂಟು. ಜೇನು ಗಾಳಿಯ ತೇವವನ್ನು ಹೀರುವ ವಸ್ತು. ಒಣ ಸೀಮೆಯಲ್ಲಿ ತೆರೆದಿಟ್ಟ ಜೇನು ಇನ್ನಷ್ಟು ಗಟ್ಟಿಯಾದೀತು. ಘಟ್ಟದ ಬುಡದ ಮಳೆಗಾಲದಲ್ಲಿ ತೆರೆದಿಟ್ಟರೆ ಮೇಲ್ಪದರ ನೀರಾಗುತ್ತದೆ. ತುಡುವೆ ಜೇನಿನಲ್ಲಿ ಸಹಜವಾಗಿಯೇ ಶೇಕಡ 20ರಿಂದ 25ರವರೆಗೆ ನೀರು ಇರುವುದುಂಟು. ಜೇನಿನಲ್ಲಿ ಸಕ್ಕರೆಯನ್ನೂ ಸಹಿಸಿ ಬದುಕುವ ಒಂದು ಜಾತಿಯ ಹುಳಿಬೀಜ ಯಾವಾಗಲೂ ಇದ್ದೇ ಇರುತ್ತದೆ. ನೀರು ಶೇಕಡ 17ಕ್ಕಿಂತ ಕೆಳಗಿದ್ದರೆ ಅದಕ್ಕೆ ಏಳಲು ಶಕ್ತಿಯಿಲ್ಲ. 20 ದಾಟಿತೋ, ಅದು ಎದ್ದು ಕೂತಿತೆಂದೇ ತಿಳಿಯಿರಿ.

ಇನ್ನೊಂದು ಕಾರಣ ರಬ್ಬರು. 1964ರ ಭಾರತ ಮತ್ತು ಸಿಲೋನ್ ಒಪ್ಪಂದದ ನಂತರ ಅಲ್ಲಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರು ಕಡೆಯಲ್ಲಿ ಸರಕಾರದ ರಬ್ಬರು ತೋಟಗಳು ವಿಸ್ತರಿಸಿದವು. ಆಮೇಲೆ ಖಾಸಗಿ ತೋಟಗಳೂ ಹಬ್ಬಿದವು. ರಬ್ಬರು ಎಲೆ ಉದುರಿಸಿ ಹೊಸ ಚಿಗುರು ತರುವಾಗ, ಮೂರು ಎಲೆ ಕೂಡುವ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಸಿಹಿರಸ ಒಸರುತ್ತದೆ. ಹೂವಿಲ್ಲದೆಯೇ ಜೇನು! ಪೆಟ್ಟಿಗೆ ಬೇಗ ತುಂಬುತ್ತದೆ, ಸಾಕುವವರಿಗೆ ಸಂತೋಷ. ಆದರೆ ರಬ್ಬರಿನ ಜೇನು ನೀರು ಹೆಚ್ಚು, ಹರಳುಗಟ್ಟುವುದೂ ಬೇಗ. ರಸ ಹರಿದು ಬರುವ ಭರದಲ್ಲಿ ಮುಚ್ಚಳ ಬೀಳುವ ಮೊದಲೇ ಎರಿ ತೆಗೆದರೆ ಶೀಶೆಯಲ್ಲಿ ಹುಳಿ ಬರುವುದು ಖಂಡಿತ.

ನೀರೇ ಮುಖ್ಯ ಎಂಬುದಕ್ಕೆ ದೂರದ ಒಂದು ಸಾಕ್ಷಿಯನ್ನೂ ನೋಡಬಹುದು. ಕೆನಡಾ ದೇಶದ ರೈತರು ಚಳಿ ಇಳಿಯುವ ಕಾಲದಲ್ಲಿ ಮೇಪಲ್ ಎಂಬ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ. ನಮ್ಮ ಓಲೆಬೆಲ್ಲದವರು ಕಳ್ಳಿಳಿಸಿ ಕುದಿಸುವ ಹಾಗೆಯೇ. ಆ ಪಾಕದಲ್ಲಿ ಮೂರನೆಯ ಒಂದು ಪಾಲು ನೀರು ಉಳಿಯುತ್ತದೆ. ಆದುದರಿಂದ ಅವರು ಅದನ್ನು 82ರಿಂದ 85 ಡಿಗ್ರಿ ಬಿಸಿಯಲ್ಲಿ ಶೀಶೆಗೆ ತುಂಬಿ ಕೂಡಲೇ ಬಿಗಿಯುತ್ತಾರೆ; ತೆರೆದ ಮೇಲೆ ತಣ್ಣನೆಯ ಪೆಟ್ಟಿಗೆಯಲ್ಲಿಡದಿದ್ದರೆ ಬೂಸು ಹಿಡಿಯುತ್ತದೆ. ಜೇನಿನಲ್ಲಿ ನೀರು ಅದಕ್ಕಿಂತ ಕಡಿಮೆ, ಹಾಗಾಗಿ ಅಷ್ಟು ಬಿಸಿಯೂ ಬೇಡ. ಅಷ್ಟು ಬಿಸಿ ಕೊಟ್ಟರೆ ಜೇನಿನ ಬಣ್ಣ ಕಪ್ಪಾಗಿ ಪರಿಮಳ ಹಾರಿಹೋಗುತ್ತದೆ.

ಸರಕಾರದ ನಿಯಮವೂ ಈ ದಾರಿಯಲ್ಲೇ ಬಂದಿದೆ. ಹಿಂದಿನ ಕಲಬೆರಕೆ ತಡೆ ನಿಯಮದಲ್ಲಿ ಜೇನಿನಲ್ಲಿ ಶೇಕಡ 25ರವರೆಗೆ ನೀರಿಗೆ ಅವಕಾಶವಿತ್ತು. 2018ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ತಂದ ಹೊಸ ಮಾನದಂಡದಲ್ಲಿ ಅದು ಶೇಕಡ 20ಕ್ಕೆ ಇಳಿಯಿತು. ನಮ್ಮ ತುಡುವೆ ಸಾಕುವವರಿಗೆ ಇದು ಸಣ್ಣ ಸಂಗತಿಯಲ್ಲ. ನಿನ್ನೆಯವರೆಗೆ ಒಳ್ಳೆಯದೆನಿಸಿದ ಶೀಶೆ ಇಂದು ಪರೀಕ್ಷೆಯಲ್ಲಿ ಬೀಳಬಹುದು; ಕಲಬೆರಕೆ ಮಾಡದವನೂ ತಲೆ ತಗ್ಗಿಸಬೇಕಾದೀತು. ಆದುದರಿಂದ ಕೆಳಗಿನ ಕ್ರಮವನ್ನು ಸಾವಧಾನವಾಗಿ ಓದಿಕೊಳ್ಳಿ.

ಒಂದನೆಯದಾಗಿ, ಎರಿಯ ಮುಕ್ಕಾಲು ಪಾಲಿಗಾದರೂ ಮೇಣದ ಮುಚ್ಚಳ ಬಿದ್ದ ಮೇಲೆಯೇ ಜೇನು ತೆಗೆಯಿರಿ. ಮೇಲಿನ ಜೇನುಕೋಣೆಯದ್ದನ್ನು ಮಾತ್ರ ತೆಗೆಯಬೇಕು; ಕೆಳಗಿನ ಸಂಸಾರಕೋಣೆಯದ್ದು ನೊಣಗಳ ಮಳೆಗಾಲದ ಅನ್ನ. ಮಳೆ ಬಂದ ಮರುದಿನ ತೆಗೆಯುವುದು ಬೇಡ. ಸಕ್ಕರೆ ಪಾಕ ತಿನ್ನಿಸಿದಾಗ ತುಂಬಿದ ಎರಿಯನ್ನು ಎಂದೂ ಮಾರಾಟದ ಜೇನಿಗೆ ಸೇರಿಸಬಾರದು.

ಎರಡನೆಯದು ಪಾತ್ರೆ. ಜೇನಿನಲ್ಲಿ ಹುಳಿಗುಣ ಉಂಟು. ತಾಮ್ರ, ಹಿತ್ತಾಳೆ, ಸತುವಿನ ಲೇಪದ ಬಾಲ್ದಿ, ಹಳೆಯ ಎಣ್ಣೆ ಡಬ್ಬ ಇವು ಬೇಡವೇ ಬೇಡ. ಸ್ಟೀಲು, ಗಾಜು, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕು ಆಗಬಹುದು. ಶೀಶೆಯನ್ನು ತೊಳೆದು, ನೀರಲ್ಲಿ ಕುದಿಸಿ, ಕವುಚಿ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಳಗೆ ಒಂದು ಹನಿ ನೀರು ಉಳಿದರೂ ಅಲ್ಲಿಂದಲೇ ಹುಳಿ ಆರಂಭ. ಮುಚ್ಚಳವೂ ಒಣಗಿರಬೇಕು. ಉಪ್ಪಿನಕಾಯಿಯ ಹಳೆ ಮುಚ್ಚಳ ತಂದು ಹಾಕಿದರೆ ವಾಸನೆಯೂ ಜೊತೆಗೆ ಬರುತ್ತದೆ.

ಮೂರನೆಯದು ಬಿಸಿ. ಜೇನಿನ ಪಾತ್ರೆಯನ್ನು ನೇರ ಒಲೆಯ ಮೇಲಿಡದೆ ಬಿಸಿನೀರಿನ ದೊಡ್ಡ ಪಾತ್ರೆಯೊಳಗಿಡಿ. ಹೊರಗಿನ ನೀರು ಕುದಿಯಬಾರದು. ಉಷ್ಣಮಾಪಕ ಇಟ್ಟು ಜೇನು 60ರಿಂದ 65 ಡಿಗ್ರಿ ಬಿಸಿಯಲ್ಲಿ ಸುಮಾರು ಅರ್ಧ ಗಂಟೆ ಇರುವಂತೆ ಆಗಾಗ ಕದಡಿ. ಇದರಿಂದ ಹುಳಿಬೀಜ ಸಾಯುತ್ತದೆ. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಮೇಲೆ ಬಂದ ನೊರೆ ತೆಗೆದು, ಬೆಚ್ಚಗಿರುವಾಗಲೇ ಬೆಚ್ಚಗೆ ಮಾಡಿದ ಶೀಶೆಗೆ ಕುತ್ತಿಗೆಯವರೆಗೆ ತುಂಬಿ ಬಿಗಿಯಿರಿ. ಬಿಸಿಯಿಂದ ಹುಳಿಬೀಜ ಸಾಯುತ್ತದೆ ನಿಜ, ಆದರೆ ನೀರು ತಾನಾಗಿ ಹೋಗುವುದಿಲ್ಲ ಎಂಬುದನ್ನು ಮರೆಯಬೇಡಿ. ಹಸಿ ಜೇನನ್ನು ಒಲೆಯ ಮೇಲಿಟ್ಟು ಗಟ್ಟಿ ಮಾಡುತ್ತೇನೆಂದು ಗಂಟೆಗಟ್ಟಳೆ ಕಾಯಿಸಿದರೆ ಜೇನೂ ಕೆಟ್ಟಿತು, ಪರೀಕ್ಷೆಯಲ್ಲಿ ಸಿಕ್ಕಿಯೂ ಬಿದ್ದಿತು. ನೀರು ಹೆಚ್ಚಿರುವ ಜೇನನ್ನು ತೇವ ತೆಗೆಯುವ ಯಂತ್ರವಿರುವ ಸಂಸ್ಕರಣ ಘಟಕಕ್ಕೆ ಕೊಡುವುದೇ ಸರಿ.

ನಾಲ್ಕನೆಯದು ಪರೀಕ್ಷೆ. ನೀರಿಗೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು, ಹೆಬ್ಬೆರಳ ಮೇಲೆ ಇಡುವುದು ಇವು ಯಾವುವೂ ನಂಬುವ ಪರೀಕ್ಷೆಯಲ್ಲ. ಗಟ್ಟಿ ಸಕ್ಕರೆ ಪಾಕವೂ ಅಲ್ಲೆಲ್ಲ ತೇರ್ಗಡೆಯಾಗುತ್ತದೆ. ತೂಕ ಸ್ವಲ್ಪ ಸೂಚನೆ ಕೊಡುತ್ತದೆ: 1 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಪಕ್ವ ಜೇನು ಸುಮಾರು 1 ಕಿಲೋ 400 ಗ್ರಾಂ ತೂಗುತ್ತದೆ. ಅದಕ್ಕಿಂತ ಸ್ಪಷ್ಟವಾಗಿ ಕಡಿಮೆಯಾದರೆ ನೀರು ಹೆಚ್ಚೆಂದೇ ಅರ್ಥ. ನಿಜವಾದ ಅಳತೆಗೆ ತೇವಾಂಶಮಾಪಕ ಬೇಕು. ಅಂಗೈಯಲ್ಲಿ ಹಿಡಿಯುವ ಆ ಕೊಳವೆಯಲ್ಲಿ ಒಂದು ಹನಿ ಜೇನಿಟ್ಟು ಬೆಳಕಿಗೆ ಹಿಡಿದರೆ ಶೇಕಡಾವಾರು ಕಾಣುತ್ತದೆ. ಹತ್ತು ಮನೆಯವರು ಸೇರಿ ಒಂದನ್ನು ಇಟ್ಟುಕೊಂಡರೂ ಸಾಕು.

ಐದನೆಯದು ಇಡುವ ಜಾಗ. ಬಿಸಿಲು ಬೀಳದ, ತೇವವಿಲ್ಲದ ಕಪಾಟು ಒಳ್ಳೆಯದು. ಇರುವೆಯ ಕಾಟವಿದ್ದರೆ ನೀರಿನ ತಟ್ಟೆಯ ನಡುವೆ ಇಡಬಹುದು, ಆದರೆ ಮುಚ್ಚಳ ಬಿಗಿಯಾಗಿರಲಿ. ದೊಡ್ಡ ಶೀಶೆಯಿಂದ ದಿನಾ ತೆಗೆಯುವ ಬದಲು ಸಣ್ಣ ಸಣ್ಣ ಶೀಶೆಗೆ ತುಂಬಿಟ್ಟು ಒಂದೊಂದಾಗಿ ತೆರೆಯಿರಿ; ಮಳೆಗಾಲದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಒದ್ದೆ ಚಮಚ ಹಾಕಬೇಡಿ. ಮುಜಂಟಿಯ ಜೇನಿನಲ್ಲಿ ನೀರು ಇನ್ನೂ ಹೆಚ್ಚು; ಅದನ್ನು ತುಡುವೆ ಜೇನಿಗೆ ಬೆರಸದೆ ಬೇರೆಯಾಗಿ, ತಣ್ಣನೆಯ ಪೆಟ್ಟಿಗೆಯಲ್ಲಿಡುವುದು ಲೇಸು.

ಜೇನು ಹರಳುಗಟ್ಟಿದರೆ ಸಕ್ಕರೆ ಹಾಕಿದ್ದಾರೆಂದು ದೂರುವವರು ಈಗಲೂ ಇದ್ದಾರೆ. ಅದು ತಪ್ಪು. ಶುದ್ಧ ಜೇನೂ ಹರಳುಗಟ್ಟುತ್ತದೆ. ಆದರೆ ಒಂದು ಎಚ್ಚರ ಬೇಕು. ಹರಳಿನೊಳಗೆ ನೀರು ಕಡಿಮೆ ಹೋಗುವುದರಿಂದ ಉಳಿದ ದ್ರವದಲ್ಲಿ ನೀರಿನ ಪಾಲು ಏರುತ್ತದೆ, ಹುಳಿ ಬರುವುದು ಅಲ್ಲಿಂದ. ಹರಳು ಕಂಡರೆ ಶೀಶೆಯನ್ನು ಕೈ ತಡೆಯುವಷ್ಟು ಬಿಸಿನೀರಿನಲ್ಲಿ, ಎಂದರೆ 40ರಿಂದ 45 ಡಿಗ್ರಿಯಲ್ಲಿ ಇಟ್ಟು ಕರಗಿಸಿಕೊಂಡರಾಯಿತು.

ಇನ್ನೊಂದು ಮಾತನ್ನು ಮನೆಯ ಹೆಂಗಸರೂ ಗಂಡಸರೂ ಗಮನಕ್ಕೆ ತೆಗೆದುಕೊಳ್ಳಬೇಕು. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಉಂಟು. 1976ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಶಿಶುಗಳ ಕೈಕಾಲು ಸೋತು ಉಸಿರು ಕಟ್ಟುವ ಒಂದು ರೋಗವನ್ನು ವೈದ್ಯರು ಗುರುತಿಸಿದರು. ಅದರ ಬೀಜಾಣುಗಳು ಕೆಲವೊಮ್ಮೆ ಜೇನಿನಲ್ಲಿ ಇರುತ್ತವೆಂದು ಆಮೇಲೆ ತಿಳಿಯಿತು. ದೊಡ್ಡವರಿಗೆ ಅದರಿಂದ ತೊಂದರೆಯಿಲ್ಲ. ಶಿಶುವಿನ ಕರುಳು ಅದನ್ನು ತಡೆಯಲಾರದು. ನಾವು ಹೇಳಿದ 65 ಡಿಗ್ರಿ ಬಿಸಿಗೂ ಅದು ಸಾಯುವುದಿಲ್ಲ. ಆದುದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಲೇಬಾರದು. ಎಷ್ಟು ಶುದ್ಧವಾದರೂ, ನಮ್ಮ ಮನೆಯದ್ದೇ ಆದರೂ ಬೇಡ.

ಈ ಚರಿತ್ರೆಯಲ್ಲಿ ದುಃಖದ ಅಧ್ಯಾಯವೂ ಉಂಟು. 1991 ಮತ್ತು 1992ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತಕ್ಕೆ ಹಬ್ಬಿ, ತುಡುವೆಯ ಮರಿಗಳು ಚೀಲದಂತಾಗಿ ಸತ್ತು, ಬಹುಪಾಲು ಕುಟುಂಬಗಳು ನಾಶವಾದವು. ಎಷ್ಟೋ ಅಂಗಳಗಳಲ್ಲಿ ಖಾಲಿ ಪೆಟ್ಟಿಗೆ ಮಾತ್ರ ಉಳಿಯಿತು. ಬದುಕುಳಿದ ಕುಟುಂಬಗಳಿಂದ ನಿಧಾನವಾಗಿ ಮತ್ತೆ ಪೆಟ್ಟಿಗೆ ತುಂಬಿದವರೇ ಇಂದಿನ ಸಾಕಣೆಗಾರರು. ಅಷ್ಟು ಕಷ್ಟದಿಂದ ಮರಳಿ ಬಂದ ಜೇನು ಬರೇ ಅಜಾಗ್ರತೆಯಿಂದ ಶೀಶೆಯಲ್ಲಿ ಹುಳಿಯಬೇಕೇ?

2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪೇಟೆಯ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಕೊಟ್ಟು, ಹೆಚ್ಚಿನವುಗಳಲ್ಲಿ ಸಕ್ಕರೆ ಪಾಕದ ಬೆರಕೆ ಉಂಟೆಂದು ಪ್ರಕಟಿಸಿತು. ಕಂಪೆನಿಗಳು ಒಪ್ಪಲಿಲ್ಲ, ವಾದ ನಡೆಯಿತು. ಆದರೆ ಪೇಟೆಯ ಜನರಿಗೆ ಊರಿನ ಜೇನು ಎಲ್ಲಿ ಸಿಗುತ್ತದೆಂಬ ಹುಡುಕಾಟಕ್ಕೆ ಅದು ಕಾರಣವಾಯಿತು. ಹುಡುಕಿಕೊಂಡು ಬಂದವರ ಕೈಗೆ ನಾವು ನೊರೆ ಬಂದ ಶೀಶೆ ಕೊಟ್ಟರೆ ಅವರು ಎರಡನೆಯ ಸಲ ಬರುವುದಿಲ್ಲ. ಹುಳಿದ ಜೇನನ್ನೂ ಬೆರಕೆಯ ಜೇನನ್ನೂ ಗಿರಾಕಿ ಬೇರೆ ಬೇರೆಯಾಗಿ ನೋಡುವುದಿಲ್ಲ.

ಆದುದರಿಂದ ಪ್ರತಿ ಶೀಶೆಯ ಮೇಲೂ ಒಂದು ಚೀಟಿ ಅಂಟಿಸಿ: ತೆಗೆದ ತಿಂಗಳು, ಊರು, ತೂಕ, ಅಳೆದಿದ್ದರೆ ತೇವಾಂಶ. ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿಕೊಳ್ಳಿ. ಒಂದು ಶೀಶೆಯನ್ನು ಮಾರದೆ ಮನೆಯಲ್ಲೇ ಇಟ್ಟುಕೊಂಡು ಆಟಿ ಕಳೆದ ಮೇಲೆ ತೆರೆದು ನೋಡಿ. ಅದು ಬುಸ್ಸೆನ್ನದಿದ್ದರೆ, ಹೂವಿನ ಪರಿಮಳವೇ ಬಂದರೆ, ನಿಮ್ಮ ಕ್ರಮ ಸರಿಯಾಯಿತೆಂದು ತಿಳಿಯಿರಿ; ಮುಂದಿನ ವರ್ಷ ಹಾಗೆಯೇ ಮಾಡಿ.